ಗಾಂಜಾಕ್ಕೂ ಅಂಗಡಿ ಬೇಕೇ?

"ಕುಡಿತದಿಂದಲೇ ಇಷ್ಟು ಮನೆಗಳು ಹಾಳಾಗಿವೆ, ಇನ್ನು ಗಾಂಜಾಕ್ಕೂ ಅಂಗಡಿ ಬೇಕೇ?" ವಯಸ್ಕರಿಗೆ ಗಾಂಜಾ ಮಾರುವುದನ್ನು ಕಾನೂನಿನೊಳಗೆ ತಂದು, ತೆರಿಗೆ ಹಾಕಿ, ಹತೋಟಿಯಲ್ಲಿ ನಡೆಸಬೇಕು ಎಂದು ನಾನು ಎಲ್ಲಿ ಹೇಳಿದರೂ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಕಾಲೇಜಿಗೆ ಹೋಗುವ ಮಕ್ಕಳ ತಾಯಂದಿರು. ಅವರ ಭಯ ಸುಳ್ಳಲ್ಲ. ಬೆಳೆಯುವ ಮಿದುಳಿಗೆ ಗಾಂಜಾದಿಂದ ಹಾನಿಯಿದೆ. ತೀಕ್ಷ್ಣ ಸರಕನ್ನು ದಿನವೂ ಸೇದುವವರಲ್ಲಿ ಚಿತ್ತವಿಕಲತೆಯ ಅಪಾಯ ಹೆಚ್ಚು. ಈ ಭಯ ನನಗೂ ಇರುವುದರಿಂದಲೇ ಅಂಗಡಿ ಬೇಕು ಎನ್ನುತ್ತೇನೆ.

ಮಾರಾಟವಂತೂ ಈಗಲೂ ನಡೆದಿದೆ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಒಂದು ವರ್ಷದಲ್ಲಿ ಗಾಂಜಾ ಅಥವಾ ಚರಸ್ ಸೇದಿದವರು ಸುಮಾರು 1.3 ಕೋಟಿ. ನಿಷೇಧದ ಕಾಯ್ದೆ ಬಂದು ಮೂರು ದಶಕ ಕಳೆದ ಮೇಲಿನ ಮಾತಿದು. ಕದ್ದು ಮಾರುವವನು ಹುಡುಗನ ವಯಸ್ಸು ಕೇಳುವುದಿಲ್ಲ. ಅವನು ಕೊಡುವ ಪೊಟ್ಟಣದಲ್ಲಿ ಕೀಟನಾಶಕ ಉಳಿದಿದೆಯೋ, ಬೂಷ್ಟು ಹಿಡಿದಿದೆಯೋ, ಅಮಲು ಎಷ್ಟಿದೆಯೋ ಕೊಳ್ಳುವವನಿಗೆ ತಿಳಿಯದು, ಮಾರುವವನಿಗೂ ತಿಳಿಯದು.

ಇದು ಪಶ್ಚಿಮದಿಂದ ಬಂದ ವಾದ ಎನ್ನುವವರಿಗೆ ನಮ್ಮದೇ ಚರಿತ್ರೆ ಗೊತ್ತಿಲ್ಲ. ಈಗ ಬಾಂಗ್ಲಾದೇಶದಲ್ಲಿರುವ ನೌಗಾಂವ್ ಸುತ್ತಲಿನ ರೈತರು ಬ್ರಿಟಿಷರ ಕಾಲದಲ್ಲಿ ಪರವಾನಗಿ ಪಡೆದು ಗಾಂಜಾ ಬೆಳೆಯುತ್ತಿದ್ದರು. ಗಂಡು ಗಿಡಗಳನ್ನು ಗುರುತಿಸಿ ಕಿತ್ತುಹಾಕಲು ಪರಿಣತರು ಹೊಲದಿಂದ ಹೊಲಕ್ಕೆ ಹೋಗುತ್ತಿದ್ದರು. ಹೂಗೊಂಚಲನ್ನು ಕಾಲಲ್ಲಿ ತುಳಿದು ಚಪ್ಪಟೆ ಮಾಡಿದ್ದು ಒಂದು ಬಗೆ, ಉರುಳಿಸಿ ದುಂಡಗೆ ಮಾಡಿದ್ದು ಇನ್ನೊಂದು, ಕಡ್ಡಿಯಿಂದ ಉದುರಿಸಿದ ಪುಡಿ ಮೂರನೆಯದು. ಮೂರಕ್ಕೂ ಬೇರೆ ಬೇರೆ ಸುಂಕ. ಕಡ್ಡಿ ಕಡಿಮೆಯಾದಷ್ಟೂ ದರ ಹೆಚ್ಚು. ಬೆಳೆಯೆಲ್ಲ ಗೋದಾಮಿಗೆ ಹೋಗಿ, ಸುಂಕ ಕಟ್ಟಿದ ಮೇಲೆಯೇ ಅಂಗಡಿಗೆ ಬರುತ್ತಿತ್ತು.

1893ರಲ್ಲಿ ಈ ವ್ಯಾಪಾರದ ಮೇಲೆ ತನಿಖೆಗೆ ಆಯೋಗವೊಂದು ನೇಮಕವಾಯಿತು. ಅದು ದೇಶದ ಉದ್ದಗಲಕ್ಕೂ ಸುತ್ತಿ 1,193 ಜನರ ಸಾಕ್ಷ್ಯ ಪಡೆಯಿತು. ಹುಚ್ಚಾಸ್ಪತ್ರೆಗಳ ದಾಖಲೆಗಳನ್ನೂ ಬಿಡಲಿಲ್ಲ. ರೋಗಿಯನ್ನು ಕರೆತಂದ ಪೊಲೀಸರು ಕಾರಣ ತಿಳಿಯದಾಗ 'ಗಾಂಜಾ' ಎಂದು ಬರೆಸುತ್ತಿದ್ದರು, ಆಸ್ಪತ್ರೆಯವರು ಅದನ್ನೇ ನಕಲು ಮಾಡಿಕೊಳ್ಳುತ್ತಿದ್ದರು. ಒಂದೊಂದೇ ಪ್ರಕರಣವನ್ನು ಮರಳಿ ವಿಚಾರಿಸಿದಾಗ ಅರ್ಧಕ್ಕಿಂತ ಹೆಚ್ಚಿನವು ನಿಲ್ಲಲಿಲ್ಲ. ಅತಿಯಾದರೆ ಕೇಡು, ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ನಿಷೇಧ ಬೇಡ, ಪರವಾನಗಿ ಮತ್ತು ತೆರಿಗೆಯಿಂದ ಬಿಗಿ ಮಾಡಿ ಎಂದು ಆಯೋಗ 1894ರಲ್ಲಿ ವರದಿ ಕೊಟ್ಟಿತು. ಅಷ್ಟು ಶ್ರಮವಹಿಸಿ ಮಾಡಿದ ವಿಚಾರಣೆಯನ್ನು ನಾವು ಮರೆತೆವು ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

1985ರ ಎನ್‌ಡಿಪಿಎಸ್ ಎಂಬ ಮಾದಕವಸ್ತು ನಿಯಂತ್ರಣ ಕಾಯ್ದೆ ಗಿಡದ ಹೂವನ್ನು, ಅಂದರೆ ಗಾಂಜಾವನ್ನು, ನಿಷೇಧಿಸಿತು, ಎಲೆಯನ್ನು ಬಿಟ್ಟಿತು. ಹಾಗಾಗಿ ರಾಜಸ್ಥಾನದಲ್ಲಿ, ಉತ್ತರ ಪ್ರದೇಶದಲ್ಲಿ ಎಲೆಯಿಂದ ಮಾಡುವ ಭಾಂಗ್ ಮಾರುವ, ಸರ್ಕಾರಿ ಪರವಾನಗಿಯ ಅಂಗಡಿಗಳು ಇಂದಿಗೂ ಇವೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಭಾಂಗ್ ಈ ಕಾಯ್ದೆಯಡಿ ನಿಷಿದ್ಧವಲ್ಲ ಎಂದು ಹೇಳಿ ಆರೋಪಿಯೊಬ್ಬನಿಗೆ ಜಾಮೀನು ಕೊಟ್ಟಿತು. ಒಂದೇ ಗಿಡದ ಎಲೆಗೆ ಪರವಾನಗಿ, ಹೂವಿಗೆ ಜೈಲು!

ಹಾಗೆಂದು ಬಾಗಿಲನ್ನು ಹಾರುಹೊಡೆಯಬೇಕು ಎನ್ನುತ್ತಿಲ್ಲ. ಥಾಯ್ಲೆಂಡ್ 2022ರಲ್ಲಿ ನಿಯಮ ರೂಪಿಸುವ ಮೊದಲೇ ನಿಷೇಧ ತೆಗೆಯಿತು. ಬೀದಿ ಬೀದಿಯಲ್ಲಿ ಅಂಗಡಿಗಳೆದ್ದವು. 2025ರಲ್ಲಿ ವೈದ್ಯರ ಚೀಟಿ ಕಡ್ಡಾಯ ಮಾಡಬೇಕಾಯಿತು. ನಿಯಮ ಮೊದಲು, ಅಂಗಡಿ ಆಮೇಲೆ. ಅಮೆರಿಕದ ಕೊಲರಾಡೊದಲ್ಲಿ 2014ರಿಂದ ಅಂಗಡಿಗಳಿವೆ. ಗುರುತಿನ ಚೀಟಿ ತೋರಿಸದೆ ಕೊಳ್ಳುವಂತಿಲ್ಲ, 21 ತುಂಬಿರಬೇಕು. ಪೊಟ್ಟಣ ಮಕ್ಕಳ ಕೈಗೆ ಬಿಚ್ಚಬರದಂಥದ್ದು. ಅಮಲಿನ ಪ್ರಮಾಣ, ಸರಕಿನ ಬ್ಯಾಚ್ ಸಂಖ್ಯೆ ಎಲ್ಲವೂ ಅದರ ಮೇಲಿರುತ್ತವೆ.

ಇನ್ನು ಕುಡಿತದ ಮಾತು. ಹೆಂಡದ ವಿಷಯದಲ್ಲಿ ನಮ್ಮ ಸರ್ಕಾರಗಳು ಮಾಡಿದ ದೊಡ್ಡ ತಪ್ಪೆಂದರೆ ಅಬಕಾರಿಗೆ ವರ್ಷವರ್ಷವೂ ಆದಾಯದ ಗುರಿ ಇಟ್ಟದ್ದು. ಮಾರಾಟ ಕುಗ್ಗಿದರೆ ಬೊಕ್ಕಸ ಬಡವಾಗುತ್ತದೆ ಎಂಬಂತಾದರೆ ಹತೋಟಿ ಯಾರಿಗೆ ಬೇಕು? ಗಾಂಜಾಕ್ಕೆ ಆ ದಾರಿ ಬೇಡ. ತೆರಿಗೆ ಅಮಲಿಗೆ ತಕ್ಕಂತೆ ಏರಲಿ, ಜಾಹೀರಾತು ಸಂಪೂರ್ಣ ಬಂದ್ ಆಗಲಿ, ಬಂದ ಹಣ ಜಿಲ್ಲಾ ಆಸ್ಪತ್ರೆಗಳ ವ್ಯಸನಮುಕ್ತಿ ವಿಭಾಗಗಳಿಗೇ ಹೋಗುವಂತೆ ಕಾನೂನಿನಲ್ಲೇ ಬರೆದಿಡಲಿ. ಕೊಲರಾಡೊ ತನ್ನ ಗಾಂಜಾ ಸುಂಕದ ಒಂದು ಪಾಲನ್ನು ಶಾಲಾ ಕಟ್ಟಡಗಳಿಗೆಂದು ಹೀಗೆಯೇ ಕಟ್ಟಿಹಾಕಿದೆ.

ಇದಕ್ಕೆ ಸಂಸತ್ತೇ ಕಾಯ್ದೆ ತಿದ್ದಬೇಕು, ಹಾಗಾಗಿ ತಡವಾಗಬಹುದು. ಆದರೆ ಅದೇ ಕಾಯ್ದೆಯ 27ನೇ ಸೆಕ್ಷನ್ ಒಂದನ್ನೇ ಸಂಸತ್ತು ತಿದ್ದಲು ಅಷ್ಟು ಕಾಯಬೇಕಿಲ್ಲ. ಬರೀ ಸೇದಿದ್ದಕ್ಕೆ ಆರು ತಿಂಗಳವರೆಗೆ ಜೈಲು ಎನ್ನುವ ಆ ಸೆಕ್ಷನ್‌ನಿಂದ ಗಾಂಜಾವನ್ನು ಮೊದಲು ಹೊರಗಿಡಲಿ. ಇಪ್ಪತ್ತೆರಡರ ಹುಡುಗ ಸಿಕ್ಕಿಬಿದ್ದರೆ ಅವನನ್ನು ಕಾಣಬೇಕಾದವರು ವೈದ್ಯರು.