ನೀರು ತುಂಬಿ, ಲೋಕಲ್ ನಿಂತು, ನನಗೆ ತಡವಾಯಿತು

ಮುಂಬಯಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಆಫೀಸು ಸೇರಿದವರಿಗೆ ಇಂಗ್ಲಿಷ್ ಬರವಣಿಗೆ ಕಲಿಸುವಾಗ ‘ಇಂಗ್ಲಿಷಿನಲ್ಲೇ ಯೋಚನೆ ಮಾಡಿ’ ಅನ್ನುವುದನ್ನು ಮೊದಲು ಬಿಡಬೇಕು. ಆ ಉಪದೇಶದಿಂದ ಒಂದು ವಾಕ್ಯವೂ ಸರಿಹೋಗುವುದಿಲ್ಲ. ಎಡವಟ್ಟು ಇರುವುದು ವಾಕ್ಯದ ಬೆಸುಗೆಯಲ್ಲಿ.

ಮಳೆಗಾಲದ ಮಾಮೂಲಿ ಮೇಲ್ ತಗೊಳ್ಳಿ: ‘ಸಯನ್ ಸ್ಟೇಷನ್ ಹತ್ತಿರ ನೀರು ತುಂಬಿ, ಲೋಕಲ್ ನಿಂತು, ನನಗೆ ತಡವಾಯಿತು.’ ತುಂಬಿದ್ದು ನೀರು, ನಿಂತದ್ದು ಲೋಕಲ್ ರೈಲು, ತಡವಾದದ್ದು ನನಗೆ. ಮೂರು ಕ್ರಿಯೆಗೂ ಬೇರೆ ಬೇರೆ ಯಜಮಾನರು. ಒಂದರಿಂದ ಇನ್ನೊಂದು ಆಯಿತು ಅನ್ನುವ ಕಡೆ ನಮ್ಮ ‘ತುಂಬಿ’, ‘ನಿಂತು’ಗಳು ಇದನ್ನು ಸಲೀಸಾಗಿ ಹೊರುತ್ತವೆ. ಇದೇ ಇಂಗ್ಲಿಷಿಗೆ ಹೋದಾಗ ‘ಸ್ಟಾಪಿಂಗ್ ನಿಯರ್ ಸಯನ್, ಐ ಗಾಟ್ ಲೇಟ್’ ಆಗುತ್ತದೆ. ಅಲ್ಲಿ ‘ಸ್ಟಾಪಿಂಗ್’ ಅನ್ನುವುದು ಮುಂದಿರುವ ‘ಐ’ಗೆ ಅಂಟಿಕೊಳ್ಳುತ್ತದೆ. ಸಯನ್‌ನಲ್ಲಿ ಮೇಲ್ ಬರೆದವರೇ ಇಳಿದು ಚಹಾ ಕುಡಿದ ಹಾಗೆ!

ತಿದ್ದುವುದು ಹೀಗೆ: ಪ್ರತಿ ಕ್ರಿಯಾಪದದ ಕೆಳಗೆ ಅದು ಯಾರದ್ದೆಂದು ಪೆನ್ಸಿಲ್‌ನಲ್ಲಿ ಬರೆಸಿ. ಯಜಮಾನ ಬದಲಾದ ಕಡೆ ಗೆರೆ ಹಾಕಿಸಿ, ಅಲ್ಲಿ ಪೂರ್ಣ ಕ್ರಿಯಾಪದ ಇಟ್ಟು ‘ಬಿಕಾಸ್’, ‘ಸೋ’ಗಳಿಂದ ಜೋಡಿಸಿ: ‘ದ ಟ್ರೇನ್ ಸ್ಟಾಪ್ಡ್ ಬಿಕಾಸ್ ದ ಟ್ರ್ಯಾಕ್ಸ್ ವರ್ ಫ್ಲಡೆಡ್, ಸೋ ಐ ಆ್ಯಮ್ ಲೇಟ್.’ ‘ಎದ್ದು, ಸ್ನಾನ ಮಾಡಿ, ಹೊರಟೆ’ ಎನ್ನುವಂಥದ್ದಕ್ಕೆ ಗೆರೆ ಬೇಡ, ಅಲ್ಲಿ ಯಜಮಾನ ಒಬ್ಬನೇ. ಇದನ್ನು ಹೇಳದಿದ್ದರೆ ಮಾರನೆಯ ದಿನದಿಂದ ಎಲ್ಲ ವಾಕ್ಯಗಳೂ ನಾಲ್ಕು ನಾಲ್ಕು ಪದದ ತುಂಡುಗಳಾಗಿ ಬರುತ್ತವೆ.

ಆಮೇಲಿನದು ಅನುಕ್ರಮ, ಅಂದರೆ ಯಾವುದನ್ನು ಮೊದಲು ಹೇಳುವುದು ಅನ್ನುವುದು. ಇಂಗ್ಲಿಷಿನ ಯೋಚನೆ ನೇರ ಗೆರೆ, ಪೂರ್ವದವರದ್ದು ಸುರುಳಿ ಎಂಬ ಚಿತ್ರವನ್ನು ಬೋರ್ಡಿನ ಮೇಲೆ ಬರೆಯುವ ಮೇಷ್ಟ್ರುಗಳು ಈಗಲೂ ಇದ್ದಾರೆ. ಅದು ಅಮೆರಿಕದ ಭಾಷಾಶಾಸ್ತ್ರಜ್ಞ ರಾಬರ್ಟ್ ಕಪ್ಲಾನ್ 1966ರಲ್ಲಿ ಬರೆದದ್ದು, ವಿದೇಶಿ ವಿದ್ಯಾರ್ಥಿಗಳ ಸುಮಾರು 600 ಇಂಗ್ಲಿಷ್ ಪ್ರಬಂಧ ನೋಡಿ. ಅವರವರ ಭಾಷೆಯ ಬರಹ ನೋಡಿಯಲ್ಲ! ಕಪ್ಲಾನ್ ಬರೆದ ಐದು ಚಿತ್ರಗಳಲ್ಲಿ ದ್ರಾವಿಡ ಭಾಷೆಗಳಿಗೆಂದು ಒಂದೂ ಇಲ್ಲ. ಕಾರಣ ಮೊದಲು ಹೇಳಿ ವಿಷಯಕ್ಕೆ ಕೊನೆಗೆ ಬರುವುದು ನಮ್ಮಲ್ಲಿ ಮರ್ಯಾದೆಯ ಕ್ರಮ, ತಲೆಯೊಳಗಿನ ಸುರುಳಿಯೇನಲ್ಲ.

ಹಾಗಾಗಿ ಮೇಲ್‌ನ ಕೊನೆಯ ವಾಕ್ಯವನ್ನು ಕತ್ತರಿಸಿ ಮೇಲಕ್ಕೆ ಅಂಟಿಸಿದರೆ ಸಾಕು. ‘ಬಾಸ್‌ಗೆ ಹೀಗೆ ಮುಖಕ್ಕೆ ಹೊಡೆದಂಗೆ ಬರೆಯೋದಾ ಸಾರ್?’ ಅಂತ ಖಂಡಿತ ಕೇಳುತ್ತಾರೆ, ಕೇಳುವುದರಲ್ಲಿ ನ್ಯಾಯವೂ ಇದೆ. ಮರ್ಯಾದೆಯನ್ನು ಅದೇ ಸಾಲಿನೊಳಗೆ ಸೇರಿಸಿಕೊಡಿ: ‘ಸಾರಿ ಸರ್, ಐ ವಿಲ್ ರೀಚ್ ಬೈ 11.’ ಸಯನ್‌ನ ನೀರು ಎರಡನೇ ಸಾಲಿಗೆ.