ಮಗಳು ಹುಟ್ಟಿದ್ದು 1984ರಲ್ಲಿ ಅಲ್ಲ

ನನ್ನ ಮಗಳಿಗೆ ಈಗ 13 ವರ್ಷ. ಆದ್ರೆ ಅವಳ ಇನ್‌ಸ್ಟಾಗ್ರಾಂ ಅಕೌಂಟ್ ಪ್ರಕಾರ ಅವಳು ನನ್ನ ಓರಗೆಯವಳು. ಇದು ಗೊತ್ತಾಗಿದ್ದು ಮೂರು ತಿಂಗಳ ಹಿಂದೆ, ರಾತ್ರಿ ಹತ್ತೂವರೆಗೆ ಅವಳ ಫೋನ್ ಹಿಡ್ಕೊಂಡು ಸೆಟ್ಟಿಂಗ್ಸ್ ಒಳಗೆ ತಡಕಾಡ್ತಾ ಕೂತಿದ್ದಾಗ. ಹುಟ್ಟಿದ ದಿನ ಅನ್ನೋ ಕಡೆ ನನ್ನದೇ ತಾರೀಕು, ನನ್ನದೇ ಇಸ್ವಿ, 1984. ಯಾರೇ ಹಾಕಿದ್ದು ಇದನ್ನ ಅಂತ ಗದರೋಕೆ ಬಾಯಿ ತೆಗೆದೆ, ಅಷ್ಟರಲ್ಲೇ ನೆನಪಾಯ್ತು, ನಾನೇ.

ಅವಳಿಗೆ 11 ಆಗಿದ್ದಾಗ ಫ್ರೆಂಡ್ಸಿಗೆಲ್ಲ ಇದೆ ನಂಗೊಬ್ಬಳಿಗೇ ಇಲ್ಲ ಅಂತ ವಾರಗಟ್ಲೆ ಮುಖ ಊದಿಸ್ಕೊಂಡಿದ್ಲು, ಬಿಡಿಸಿದ ಚಿತ್ರಗಳನ್ನ ಹಾಕೋಕೆ ಅಷ್ಟೇ ಅಮ್ಮ ಬೇರೇನೂ ಮಾಡಲ್ಲ ಅಂದ್ಲು, ಸರಿ ಅಂತ ಕೂತು ನಿಜವಾದ ಇಸ್ವಿ ಹಾಕಿದ್ರೆ ಅಕೌಂಟ್ ಮಾಡೋಕೆ ಬರಲ್ಲ ಅಂತ ಬಂತು. ನಂಗೂ ಕೆಲಸದ ಅವಸರ. ನನ್ನ ಇಸ್ವಿ ಒತ್ತಿ ಮುಂದೆ ಹೋದೆ. ಹತ್ತು ಸೆಕೆಂಡ್ ಕೆಲಸ, ಆಮೇಲೆ ಅದನ್ನ ನೆನೆಸ್ಕೊಂಡಿದ್ದೂ ಇಲ್ಲ.

ಆವತ್ತು ರಾತ್ರಿ ಫೋನ್ ನೋಡಿದ್ದಕ್ಕೆ ಕಾರಣ ಅವಳೇ ತಂದು ಕೊಟ್ಟಿದ್ದು. ಒಬ್ಬ ಯಾರೋ ದಿನಾ ಮೆಸೇಜ್ ಮಾಡ್ತಾ ಇದ್ದ. ಮೊದಮೊದಲು ಚಿತ್ರ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ ಅಂತ. ಆಮೇಲೆ ವಯಸ್ಸೆಷ್ಟು, ಮನೇಲಿ ಯಾರ್ಯಾರಿದ್ದಾರೆ, ಫೋನ್ ಯಾರಾದ್ರೂ ನೋಡ್ತಾರಾ. ಕೊನೆಗೆ ಇಲ್ಲಿ ಬೇಡ ಇನ್ನೊಂದು ಆಪಿಗೆ ಬಾ, ಅಲ್ಲಿ ಮೆಸೇಜ್ ತಾನಾಗೇ ಅಳಿಸಿಹೋಗುತ್ತೆ ಅಂತ. ಅಷ್ಟೊತ್ತಿಗೆ ಅವಳಿಗೆ ಏನೋ ಸರಿಯಿಲ್ಲ ಅನ್ಸಿದೆ. "ಅಮ್ಮ, ಬೈಬೇಡ, ಒಂದು ತೋರಿಸ್ಲಾ" ಅಂತ ಬಂದ್ಲು. ಆ "ಬೈಬೇಡ" ಅನ್ನೋ ಮಾತು ನಂಗೆ ಇನ್ನೂ ಕಿವೀಲಿದೆ, ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅನ್ನೋದಕ್ಕೆ ಬೇರೆ ಉತ್ತರಾನೇ ಬೇಕಿರ್ಲಿಲ್ಲ.

ಸ್ಕ್ರೀನ್‌ಶಾಟ್ ತಗೊಂಡ್ವಿ, ರಿಪೋರ್ಟ್ ಮಾಡಿ ಬ್ಲಾಕ್ ಮಾಡಿದ್ವಿ. ರಿಪೋರ್ಟ್ ಮಾಡಿದ್ದು ನಾನೇ ಅಂತ ಅವನಿಗೆ ಗೊತ್ತಾಗುತ್ತಾ ಅಂತ ಅವಳ ಭಯ. ಇಂಥ ರಿಪೋರ್ಟಲ್ಲಿ ಯಾರು ಮಾಡಿದ್ದು ಅಂತ ಆಪ್‌ನವ್ರು ಆ ಕಡೆಯವನಿಗೆ ಹೇಳಲ್ಲ, ಇದನ್ನ ಮಕ್ಕಳಿಗೆ ಮುಂಚೇನೇ ಹೇಳಿಟ್ಟಿರಿ, ಎಷ್ಟೋ ಮಕ್ಕಳು ಈ ಭಯಕ್ಕೇ ಸುಮ್ನಿರ್ತಾರೆ.

ಆಮೇಲೆ ತಲೆ ಕೆಟ್ಟೋಯ್ತು. ಗುರುತು ಪರಿಚಯ ಇಲ್ಲದವನು ನೇರವಾಗಿ ಇವಳ ಇನ್‌ಬಾಕ್ಸಿಗೆ ಹೇಗೆ ಬಂದ? ಉತ್ತರ ಆ ಇಸ್ವಿಯಲ್ಲಿತ್ತು. ಮಕ್ಕಳಿಗೆ ಅಂತ ಇರೋ ಕಾವಲು ಹೆಚ್ಚಾಗಿ ನಿಂತಿರೋದು ಹುಟ್ಟಿದ ವರ್ಷದ ಮೇಲೆ. ಇನ್‌ಸ್ಟಾಗ್ರಾಂ 2024ರಲ್ಲಿ ಟೀನ್ ಅಕೌಂಟ್ ಅಂತ ತಂತು ನೋಡಿ, ಅದ್ರಲ್ಲಿ ಅಕೌಂಟ್ ತಾನಾಗೇ ಪ್ರೈವೇಟ್ ಇರುತ್ತೆ, ಮಗು ಯಾರನ್ನ ಫಾಲೋ ಮಾಡುತ್ತೋ ಇಲ್ಲ ಈಗಾಗ್ಲೇ ಕನೆಕ್ಟ್ ಆಗಿದೆಯೋ ಅವ್ರು ಮಾತ್ರ ಮೆಸೇಜ್ ಮಾಡ್ಬಹುದು, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಬಾಯಿ ಮುಚ್ಚಿರುತ್ತೆ, 16ಕ್ಕಿಂತ ಚಿಕ್ಕವ್ರು ಇವನ್ನ ಸಡಿಲ ಮಾಡ್ಬೇಕಂದ್ರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಟಿಕ್‌ಟಾಕಲ್ಲಿ 16ಕ್ಕಿಂತ ಕೆಳಗಿನವ್ರಿಗೆ ಡೈರೆಕ್ಟ್ ಮೆಸೇಜೇ ಇಲ್ಲ. ಆದ್ರೆ 1984ರಲ್ಲಿ ಹುಟ್ಟಿದ ಹೆಂಗಸಿಗೆ ಇದೆಲ್ಲ ಯಾಕೆ ಬೇಕು? ಆಪು ನನ್ನ ಮಾತು ನಂಬ್ತು, ಬಾಗಿಲು ತೆಗೆದಿಟ್ಟಿತ್ತು, ಅಷ್ಟೇ.

ಅಂದಹಾಗೆ ಅಕೌಂಟಿಗೆ 13 ಆಗಿರಬೇಕು ಅನ್ನೋ ಈ ಲೆಕ್ಕ ಎಲ್ಲಿಂದ ಬಂತು ಅಂತ ಹುಡುಕಿದೆ. ಮಕ್ಕಳ ಮನಸ್ಸು ಅಷ್ಟೊತ್ತಿಗೆ ಬಲೀತು ಅಂತ ಯಾರೋ ಡಾಕ್ಟ್ರು ಹೇಳಿದ್ದಿರಬೇಕು ಅಂದ್ಕೊಂಡಿದ್ದೆ. ಅಲ್ಲ. ಅಮೆರಿಕದಲ್ಲಿ 1998ರಲ್ಲಿ ಒಂದು ಕಾನೂನು ಬಂತು, 2000ದಲ್ಲಿ ಜಾರಿ ಆಯ್ತು, 13ರೊಳಗಿನ ಮಕ್ಕಳ ಮಾಹಿತಿ ತಗೋಬೇಕಾದ್ರೆ ಹೆತ್ತವರ ಒಪ್ಪಿಗೆ ಬೇಕು ಅಂತ. ಒಪ್ಪಿಗೆ ಕೇಳೋ ತಲೆನೋವು ಯಾರಿಗೆ ಬೇಕು, 13ರೊಳಗಿನವ್ರು ಬರಲೇಬೇಡಿ ಅಂದುಬಿಟ್ರು ಕಂಪನಿಗಳು. ಅಂದ್ರೆ ಇದು ಡೇಟಾ ಲೆಕ್ಕ. 13 ತುಂಬಿದ ದಿನ ಮಗು ರೆಡಿ ಅಂತ ಅಲ್ವೇ ಅಲ್ಲ. ಆಸ್ಟ್ರೇಲಿಯಾದಲ್ಲಂತೂ 2025ರ ಡಿಸೆಂಬರ್ 10ರಿಂದ ದೊಡ್ಡ ಆಪ್‌ಗಳಲ್ಲಿ 16ರ ಕೆಳಗಿನವ್ರಿಗೆ ಅಕೌಂಟೇ ಇಲ್ಲ ಅಂತ ಮಾಡಿದ್ದಾರೆ, ತಪ್ಪಿದ್ರೆ ದಂಡ ಕಂಪನಿಗೆ, ಮಕ್ಕಳಿಗೋ ಪೋಷಕರಿಗೋ ಅಲ್ಲ. ಅದು ನಡೆಯುತ್ತೋ ಇಲ್ವೋ ನೋಡೋಣ, ಇಸ್ವಿ ಬದಲಾಯಿಸಿ ಕೊಡೋ ನನ್ನಂಥ ಅಮ್ಮಂದಿರು ಅಲ್ಲೂ ಇರ್ತಾರಲ್ಲ.

ಸರಿ, ಇಸ್ವಿ ಸರಿಮಾಡೋಣ ಕಣೇ ಅಂದಿದ್ದಕ್ಕೆ ದೊಡ್ಡ ಜಗಳ. "ಸುಳ್ಳು ಹಾಕಿದ್ದು ನೀನು, ಅಕೌಂಟ್ ಹೋದ್ರೆ ಅನುಭವಿಸೋದು ನಾನಾ?" ನ್ಯಾಯವಾದ ಪ್ರಶ್ನೆನೇ. ಎರಡು ದಿನ ಬಿಟ್ಟು, ಚಿತ್ರಗಳನ್ನೆಲ್ಲ ಮೊದ್ಲು ಡೌನ್‌ಲೋಡ್ ಮಾಡಿಟ್ಟು ಆಮೇಲೆ ತಾರೀಕು ಬದಲಾಯಿಸಿದ್ವಿ. ನಿಮ್ಮ ಮಗುಗೆ ಇನ್ನೂ 13 ಆಗಿಲ್ಲ ಅಂದ್ರೆ ಸರಿಯಾದ ಇಸ್ವಿ ಹಾಕಿದ ಕೂಡ್ಲೇ ಅಕೌಂಟ್ ಮುಚ್ಚಿಬಿಡೋ ಸಾಧ್ಯತೆನೇ ಹೆಚ್ಚು. ನನ್ನ ಅಭಿಪ್ರಾಯ ಕೇಳಿದ್ರೆ ಮುಚ್ಚಲಿ ಬಿಡಿ. ಆದ್ರೆ ಹಾಕಿದ್ದು ನೀವೇ ಆಗಿದ್ರೆ ಮೊದ್ಲು ಮಗು ಹತ್ರ ತಪ್ಪಾಯ್ತು ಅಂತ ಹೇಳಿ, ಹೇಳದೇ ಕಿತ್ಕೊಂಡ್ರೆ ಅದು ಅನ್ಯಾಯ ಅಂತ ಅವಕ್ಕೆ ಗೊತ್ತಾಗುತ್ತೆ.

ನಮ್ಮೆಜಮಾನ್ರು ಆವತ್ತು ಕೋಪದಲ್ಲಿ, ಅವಳಿಗೆ ಗೊತ್ತಾಗದ ಹಾಗೆ ಎಲ್ಲಾ ಮೆಸೇಜ್ ಓದೋ ಆಪ್ ಹಾಕಿಬಿಡೋಣ ಅಂದ್ರು. ನಂಗೂ ಒಂದು ಗಳಿಗೆ ಆಸೆ ಆಗಿದ್ದು ನಿಜ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಕದ್ದು ಓದ್ತಾರೆ ಅಂತ ಒಂದ್ಸಲ ಗೊತ್ತಾದ್ರೆ ಮುಗೀತು, ಎರಡನೇ ಅಕೌಂಟ್ ಹುಟ್ಕೊಳ್ಳುತ್ತೆ, ಅದು ನಮಗೆ ಕಾಣೋದೇ ಇಲ್ಲ. ಮುಂದಿನ ಸಲ "ಒಂದು ತೋರಿಸ್ಲಾ" ಅಂತ ಬರೋದೂ ಇಲ್ಲ. ಈಗ ಆಪಲ್ಲೇ ಹೆತ್ತವರಿಗೆ ಅಂತ ಇರೋ ಸೂಪರ್‌ವಿಷನ್ ಅನ್ನೋದನ್ನ ಅವಳ ಜೊತೇಲೇ ಕೂತು ಹಾಕಿದ್ದೀವಿ. ಹೋದ ಏಳು ದಿನದಲ್ಲಿ ಯಾರ ಜೊತೆ ಚಾಟ್ ಮಾಡಿದ್ದಾಳೆ ಅಂತ ಹೆಸರು ಕಾಣುತ್ತೆ, ಏನು ಮಾತಾಡಿದ್ಲು ಅಂತ ಕಾಣಲ್ಲ. ಹೊರಗೆ ಆಡೋಕೆ ಹೋದಾಗ ಯಾರ ಜೊತೆ ಹೋಗ್ತೀಯ ಅಂತ ಕೇಳ್ತೀವಲ್ಲ, ಅಷ್ಟು.

ಟೈಮಿನ ವಿಷಯ ಎಲ್ರೂ ಬರೆದಿದ್ದಾರೆ, ನಾನು ಜಾಸ್ತಿ ಬರೆಯಲ್ಲ. ರಾತ್ರಿ ಎಲ್ಲಾ ಫೋನೂ ಹಾಲಲ್ಲಿ ಚಾರ್ಜಿಗೆ, ನಮ್ಮದೂ ಸೇರಿ. ಇದ್ರಿಂದ ಅತೀ ಕಷ್ಟ ಆಗಿದ್ದು ಯಜಮಾನ್ರಿಗೆ.

ಹೇಳೋಕೆ ನಾಲಿಗೆ ಹೊರಳದ ವಿಷಯ ಒಂದಿತ್ತು, ಬಟ್ಟೆಯಿಲ್ಲದ ಫೋಟೋ ಇಟ್ಕೊಂಡು ಹೆದರಿಸೋದು. ನನ್ನ ಅಣ್ಣನ ಮಗನಿಗೆ 15, ಅವನನ್ನೂ ಕೂರಿಸ್ಕೊಂಡೇ ಹೇಳಿದೆ, ಯಾಕಂದ್ರೆ ದುಡ್ಡಿಗಾಗಿ ಮಾಡೋ ಇಂಥ ಬಲೆಗೆ ಹುಡುಗ್ರೇ ಹೆಚ್ಚು ಬೀಳೋದು. ಹುಡುಗಿ ಹೆಸರಲ್ಲಿ ಒಂದು ಅಕೌಂಟ್ ಬರುತ್ತೆ, ಸ್ವಲ್ಪ ಹೊತ್ತಲ್ಲೇ ಅವಳದು ಅಂತ ಒಂದು ಫೋಟೋ ಕಳಿಸಿ ನಿಂದೂ ಕಳಿಸು ಅನ್ನುತ್ತೆ, ಕಳಿಸಿದ ಮರುಕ್ಷಣ ದುಡ್ಡು ಕೊಡು ಇಲ್ಲಾಂದ್ರೆ ನಿನ್ನ ಫ್ರೆಂಡ್ಸಿಗೆಲ್ಲ ಹಂಚ್ತೀನಿ ಅಂತ. ದುಡ್ಡು ಕೊಡಬಾರದು, ಕೊಟ್ರೆ ಮತ್ತೆ ಕೇಳ್ತಾರೆ. ಹೆದರಿ ಚಾಟ್ ಅಳಿಸಬಾರದು, ಅದೇ ಸಾಕ್ಷಿ. ಟೇಕ್ ಇಟ್ ಡೌನ್ ಅಂತ ಒಂದು ಉಚಿತ ಸೇವೆ ಇದೆ, 18 ತುಂಬೋ ಮುಂಚೆ ತೆಗೆದ ಅಂಥ ಫೋಟೋಗಳಿಗೆ. ಫೋಟೋ ನಮ್ಮ ಫೋನ್ ಬಿಟ್ಟು ಎಲ್ಲೂ ಹೋಗಲ್ಲ, ಅದರ ಬೆರಳಚ್ಚಿನಂಥ ಒಂದು ಕೋಡ್ ಮಾತ್ರ ಹೋಗುತ್ತೆ, ಅದನ್ನ ಇಟ್ಕೊಂಡು ಅವ್ರ ಜೊತೆ ಸೇರಿರೋ ಆಪ್‌ಗಳು ಹುಡುಕಿ ತೆಗೀತವೆ. ಹುಡುಗ ತಲೆ ಎತ್ತಲೇ ಇಲ್ಲ ಆವತ್ತು, ಆದ್ರೆ ಹೋಗೋವಾಗ "ಅತ್ತೆ, ಆ ಸೈಟಿನ ಹೆಸ್ರು ಇನ್ನೊಂದ್ಸಲ ಹೇಳಿ, ನನ್ನ ಫ್ರೆಂಡಿಗೆ" ಅಂದ. ಫ್ರೆಂಡಿಗೋ ಅವನಿಗೋ ನಾನು ಕೇಳ್ಲಿಲ್ಲ, ಬರೆದು ಕೊಟ್ಟೆ.

ಇದೆಲ್ಲ ಆದ್ಮೇಲೆ ಮಗಳು ನನ್ನ ಅಕೌಂಟ್ ತೆರೆಸಿ ನೋಡಿದ್ಲು. ಅವಳು ಹುಟ್ಟಿದಾಗಿಂದ ಹಾಕಿದ ಫೋಟೋಗಳು, ಬಚ್ಚಲಲ್ಲಿ ಕೂತಿದ್ದು, ಹಲ್ಲು ಬಿದ್ದಿದ್ದು, ಶಾಲೆ ಬ್ಯಾಡ್ಜ್ ಎದ್ದು ಕಾಣೋ ಹಾಗೆ ಯೂನಿಫಾರ್ಮಲ್ಲಿ ನಿಂತಿದ್ದು. ನನ್ನನ್ನ ಯಾವಾಗಾದ್ರೂ ಕೇಳಿದ್ಯಾ ಅಂದ್ಲು. ಎರಡು ಸಂಜೆ ಕೂತು ಅಳಿಸಿದೆ, ಪಕ್ಕದಲ್ಲೇ ಕೂತು ಒಂದೊಂದಕ್ಕೂ ಇದು ಇರ್ಲಿ, ಇದು ಬೇಡ ಅಂತಿದ್ಲು.

ಚಿಕ್ಕವನಿಗೆ ಈಗ 9. ಮೊನ್ನೆ ಅವನೂ ಶುರುಮಾಡಿದ, ನಂಗ್ಯಾವಾಗ ಅಕೌಂಟ್ ಅಂತ. ಇನ್ನೂ ನಾಲ್ಕು ವರ್ಷ ಇದೆ ಕಣೋ ಅಂದೆ.

"ಅಕ್ಕನಿಗೆ ಹನ್ನೊಂದಕ್ಕೇ ಮಾಡಿಕೊಟ್ಟಿದ್ದೆ."

ಮಗಳು ಫೋನಿಂದ ತಲೆ ಎತ್ತಿ ನನ್ನ ಮುಖಾನೇ ನೋಡ್ತಾ ಇದ್ಲು, ಏನು ಹೇಳ್ತಾಳೆ ನೋಡೋಣ ಅಂತ.