ಒಹ್ತಾನಿಯನ್ನು ಕೊಟ್ಟುಬಿಡಬೇಕಿತ್ತು

2023ರಲ್ಲಿ ಮಗಳ ಮನೆಗೆ ಅಂತ ಕ್ಯಾಲಿಫೋರ್ನಿಯಾದ ಅನಹೈಮ್‌ಗೆ ಹೋಗಿದ್ದೆ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋದರೆ ಮನೆಯಲ್ಲಿ ನಾನು, ಒಂಬತ್ತು ವರ್ಷದ ಮೊಮ್ಮಗ, ಟಿವಿ. ಅದರಲ್ಲಿ ಸದಾ ಬೇಸ್‌ಬಾಲ್. ಮಂಡ್ಯದಲ್ಲಿ ಕಬಡ್ಡಿ ನೋಡಿಕೊಂಡು ಬೆಳೆದವಳಿಗೆ ಮೊದಲ ವಾರ ತಲೆಬುಡ ತಿಳಿಯಲಿಲ್ಲ. ತಿಂಗಳಾಗುವಷ್ಟರಲ್ಲಿ ಅನಹೈಮ್‌ನ ಏಂಜಲ್ಸ್ ತಂಡ ಸೋತರೆ ನನಗೂ ಊಟ ಸೇರುತ್ತಿರಲಿಲ್ಲ.

ಆ ತಂಡದಲ್ಲಿ ಶೋಹೇ ಒಹ್ತಾನಿ ಇದ್ದ. ಚೆಂಡು ಎಸೆಯುವುದರಲ್ಲೂ ಅವನೇ ಮುಂದು, ಹೊಡೆಯುವುದರಲ್ಲೂ ಅವನೇ. ಆದರೆ ಅವನ ಒಪ್ಪಂದ ಆ ವರ್ಷವೇ ಮುಗಿಯುತ್ತಿತ್ತು. ಮುಗಿದ ಮೇಲೆ ಅವನು ಸ್ವತಂತ್ರ, ಯಾವ ತಂಡಕ್ಕಾದರೂ ಹೋಗಬಹುದು. ಅದಕ್ಕೆ ಮೊದಲೇ ಬೇರೆಯವರಿಗೆ ಬಿಟ್ಟುಕೊಟ್ಟರೆ ಬದಲಿಗೆ ನಾಲ್ಕೈದು ಎಳೆಯ ಹುಡುಗರು ಸಿಗುತ್ತಿದ್ದರು. ಹೀಗೆ ಆಟಗಾರರಿಗೆ ಆಟಗಾರರನ್ನೇ ಕೊಟ್ಟು ತರುವುದನ್ನು ಅಲ್ಲಿ ಟ್ರೇಡ್ ಅಂತಾರೆ. ಗಡುವು ಆಗಸ್ಟ್ 1. ಜುಲೈ ಪೂರ್ತಿ ಟಿವಿಯಲ್ಲಿ ಇದೇ ಪಂಚಾಯ್ತಿ, ಮನೆಯಲ್ಲೂ ಇದೇ. ಮಾರಬೇಕು ಅಂತ ಅಳಿಯ, ಕೂಡದು ಅಂತ ಮೊಮ್ಮಗ. ನಾನು ಮೊಮ್ಮಗನ ಕಡೆ.

ಅದಕ್ಕೆ ಹಳೇ ಕಾರಣವೊಂದಿತ್ತು. ನಮ್ಮಪ್ಪ ಹಳ್ಳಿಕಾರ್ ಹೋರಿ ಕಟ್ಟುತ್ತಿದ್ದರು. ಕರು ತಂದು, ಮೈ ತಿಕ್ಕಿ, ಹುರುಳಿ ಬೇಯಿಸಿ ಹಾಕಿ, ನಾಲ್ಕು ಹಲ್ಲು ಬರುವ ಹೊತ್ತಿಗೆ ಹೇಮಗಿರಿ ಜಾತ್ರೆಗೆ ಹೊಡೆದುಕೊಂಡು ಹೋಗೋರು. ಟವೆಲಿನೊಳಗೆ ಕೈಗೆ ಕೈ ಸೇರಿಸಿ, ಬೆರಳಲ್ಲೇ ಬೆಲೆ ಮುಗಿಸಿ ಬರೋರು. ನನಗೆ ಒಂಬತ್ತು ವರ್ಷವಿದ್ದಾಗ ರಾಮ–ಲಕ್ಷ್ಮಣ ಅಂತ ಒಂದು ಜೋಡಿ ಇತ್ತು. ಲಕ್ಷ್ಮಣ ನನ್ನ ಕೈಯಿಂದಲೇ ಬೆಲ್ಲ ತಿನ್ನೋನು. ಅವನ್ನೂ ಮಾರಿದರು. ಮೂರು ದಿನ ಅಪ್ಪನ ಜೊತೆ ಮಾತು ಬಿಟ್ಟೆ. "ಬಾಯಿಗೂಡಿದ ಮ್ಯಾಲೆ ಯಾರವ್ವ ಆ ಬೆಲೆ ಕೊಟ್ಟಾರು?" ಅಂದಿದ್ದರು. ಬಾಯಿಗೂಡೋದು ಅಂದರೆ ಹಲ್ಲೆಲ್ಲ ಬಂದು ವಯಸ್ಸು ತುಂಬೋದು. ಐವತ್ತು ವರ್ಷದ ಆ ಸಿಟ್ಟನ್ನು ನಾನು ಏಂಜಲ್ಸ್ ತಂಡದ ಲೆಕ್ಕಕ್ಕೆ ಬರೆದಿದ್ದೆ, ಅಷ್ಟೇ.

ಕೊನೆಗೆ ತಂಡದವರು ಕೊಡೋದಿಲ್ಲ ಅಂದರು. ಮಾರುವುದಿರಲಿ, ತಮ್ಮ ಎಳೆಯ ಹುಡುಗರಿಬ್ಬರನ್ನು ಷಿಕಾಗೋಗೆ ಕೊಟ್ಟು ಜಿಯೊಲಿಟೊ, ಲೋಪೆಜ್ ಅನ್ನುವ ಪಿಚರ್‌ಗಳನ್ನು, ಅಂದರೆ ಚೆಂಡು ಎಸೆಯುವವರನ್ನು, ತಂದರು. ಮಾರನೇ ದಿನ, ಜುಲೈ 27, ಡೆಟ್ರಾಯಿಟ್‌ನಲ್ಲಿ ಒಂದೇ ದಿನ ಎರಡು ಪಂದ್ಯ. ಮೊದಲನೆಯದರಲ್ಲಿ ಒಹ್ತಾನಿ ಪೂರ್ತಿ ಒಂಬತ್ತು ಇನ್ನಿಂಗ್ಸ್ ಎಸೆದು ಎದುರಾಳಿಗೆ ಒಂದೇ ಹಿಟ್ ಕೊಟ್ಟ, ಒಂದೂ ರನ್ ಬಿಡಲಿಲ್ಲ. ಎರಡನೆಯದರಲ್ಲಿ ನಮ್ಮ ಕ್ರಿಕೆಟ್ಟಿನ ಸಿಕ್ಸರಿನಂಥ ಹೋಮ್ ರನ್ ಎರಡು ಬಾರಿಸಿದ. ಮೊಮ್ಮಗ ಸೋಫಾ ಮೇಲೆ ಹತ್ತಿ ಕುಣಿದ. ನಾನು ಅಳಿಯನ ಮುಖ ನೋಡಿ ನಕ್ಕೆ.

ನಕ್ಕಿದ್ದು ಹೆಚ್ಚು ದಿನ ಉಳಿಯಲಿಲ್ಲ. ಆಗಸ್ಟ್ ಹುಟ್ಟುತ್ತಲೇ ತಂಡ ಸಾಲಾಗಿ ಸೋತಿತು. 23ಕ್ಕೆ ಒಹ್ತಾನಿಯ ಮೊಣಕೈ ಲಿಗಮೆಂಟ್ ಹರಿಯಿತು. ತಿಂಗಳ ಕೊನೆಗೆ, ಬೇಕಾದವರು ಕರೆದುಕೊಂಡು ಹೋಗಿ ಅಂತ ಆ ಜಿಯೊಲಿಟೊ, ಲೋಪೆಜ್ ಇಬ್ಬರನ್ನೂ ಬಿಟ್ಟುಬಿಟ್ಟರು. ಆ ವರ್ಷ ಒಟ್ಟು 73 ಗೆಲುವು, 89 ಸೋಲು. ಡಿಸೆಂಬರಿನಲ್ಲಿ ಒಹ್ತಾನಿ ಹತ್ತು ವರ್ಷಕ್ಕೆ 70 ಕೋಟಿ ಡಾಲರ್ ಅಂತ ಪಕ್ಕದ ಲಾಸ್ ಏಂಜಲೀಸಿನ ಡಾಡ್ಜರ್ಸ್ ಸೇರಿದ. ಏಂಜಲ್ಸ್‌ಗೆ ದಕ್ಕಿದ್ದು ಹೊಸ ಹುಡುಗರ ಆಯ್ಕೆಯಲ್ಲಿ ಒಂದು ಹೆಚ್ಚುವರಿ ಸರದಿ. 2024ರಲ್ಲಿ ಡಾಡ್ಜರ್ಸ್ ಅಲ್ಲಿನ ಬೇಸ್‌ಬಾಲ್ ಪಟ್ಟವಾದ ವರ್ಲ್ಡ್ ಸೀರೀಸ್ ಗೆದ್ದಿತು, 2025ರಲ್ಲಿ ಮತ್ತೆ.

ಹಾಗಂತ ಮಾರಿದವರೆಲ್ಲ ಉದ್ಧಾರ ಆಗಿದ್ದಾರಾ ಅಂದರೆ ಅದೂ ಇಲ್ಲ. ವಾಷಿಂಗ್ಟನ್ ತಂಡ 2022ರಲ್ಲಿ ಹ್ವಾನ್ ಸೊಟೊ ಅನ್ನುವ ತನ್ನ ಆಟಗಾರನಿಗೆ 44 ಕೋಟಿ ಡಾಲರ್ ಕೊಡ್ತೀವಿ ಅಂದಿತು. ಅವನು ಒಲ್ಲೆ ಅಂದ. ಅವನನ್ನು ಸ್ಯಾನ್ ಡಿಯಾಗೊ ತಂಡಕ್ಕೆ ಕೊಟ್ಟು ಏಬ್ರಮ್ಸ್, ಗೋರ್, ವುಡ್ ಅಂಥ ಹುಡುಗರನ್ನು ತಂದರು. ಮೂವರೂ ಆಮೇಲೆ ಆಲ್-ಸ್ಟಾರ್ ಆದರು, ಅಂದರೆ ವರ್ಷದ ಆಯ್ದ ಆಟಗಾರರ ಪಂದ್ಯಕ್ಕೆ ಆರಿಸಿ ಬಂದರು; ತಂಡ ಮಾತ್ರ 2025ರಲ್ಲೂ ಸೋಲ್ತಾನೇ ಇತ್ತು. ಆದರೂ ಕೊಟ್ಟಿಗೆಯಲ್ಲಿ ಕರುವಾದರೂ ಇದೆಯಲ್ಲ! ಏಂಜಲ್ಸ್ ಕೊಟ್ಟಿಗೆಯಲ್ಲಿ ಬರೀ ಹಗ್ಗ.

ಮೊನ್ನೆ ಫೋನಿನಲ್ಲಿ ಮೊಮ್ಮಗನಿಗೆ ಹೇಳಿದೆ, ನಿಮ್ಮಪ್ಪ ಹೇಳಿದ್ದೇ ಸರಿ ಕಣಪ್ಪ, ಮುತ್ತಜ್ಜನೂ ಮಾರಿಬಿಡೋರು ಅಂತ. "ಮಾರಿದ್ರೆ ನಾವು ಆವತ್ತು ಸ್ಟೇಡಿಯಮ್‌ನಲ್ಲಿ ಅವನನ್ನ ನೋಡ್ತಿದ್ವಾ ಅಜ್ಜಿ?" ಅಂದ. ಆಗಸ್ಟ್ 3, ಸಿಯಾಟಲ್ ಎದುರು. ಎಂಟನೇ ಇನ್ನಿಂಗ್ಸ್‌ನಲ್ಲಿ ಒಹ್ತಾನಿ ಆ ವರ್ಷದ 40ನೇ ಹೋಮ್ ರನ್ ಹೊಡೆದಿದ್ದ. ಒಂಬತ್ತನೆಯದರಲ್ಲಿ ಸಿಯಾಟಲ್‌ನವರು ಒಂದೇ ಹೊಡೆತಕ್ಕೆ ನಾಲ್ಕು ರನ್ ತೆಗೆದು 5–3ಕ್ಕೆ ಗೆದ್ದರು. ನಾವು ಸೋತಿದ್ದೇ ಮೊಮ್ಮಗನಿಗೆ ನೆನಪಿಲ್ಲ.